ಶುಂಠಿ ಬಿಯರ್ ತುಂಬಲು ಬಾಟಲಿಯೋ, ಕ್ಯಾನೋ?

ಪ್ರಶ್ನೆ: ನಾವು ಕೋಣಂದೂರು ಕಡೆಯವರು. ಅಡಿಕೆಯ ಜೊತೆಗೆ ವರ್ಷವೂ ಒಂದಿಷ್ಟು ಶುಂಠಿ ಹಾಕುತ್ತೇವೆ. ಬೆಲೆ ಬಿದ್ದ ವರ್ಷ ಉಳಿದ ಶುಂಠಿಯಿಂದ ನನ್ನ ಹೆಂಡತಿ ಶುಂಠಿ ಬಿಯರ್ ಮಾಡಲು ಕಲಿತಳು. ಲೀಟರಿಗೆ 80 ಗ್ರಾಂ ಸಕ್ಕರೆ, ಜಜ್ಜಿದ ಶುಂಠಿ, ನಿಂಬೆರಸ ಹಾಕಿ ಭರಣಿಯಲ್ಲಿ ಎರಡು ದಿನ ಹುದುಗಿಸಿ, ಸೋಸಿ, ಗಾಜಿನ ಬಾಟಲಿಗೆ ತುಂಬಿ ಬಿರಡೆ ಹಾಕುತ್ತೇವೆ. ಕಳೆದ ಮೇ ತಿಂಗಳಿನಲ್ಲಿ ಅಟ್ಟದ ಮೇಲಿಟ್ಟಿದ್ದ ಮೂರು ಬಾಟಲಿಗಳು ಒಂದೇ ರಾತ್ರಿ ಒಡೆದವು. ಅಲ್ಲಿ ಯಾರೂ ಇರಲಿಲ್ಲವೆಂಬುದೇ ಪುಣ್ಯ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಅಲ್ಲಿ ಮನೆಯಲ್ಲೇ ಬಿಯರ್ ಮಾಡಿ ಕ್ಯಾನಿನಲ್ಲಿ ತುಂಬುತ್ತಾನೆ. ಕ್ಯಾನ್ ಚೂರಾಗಿ ಸಿಡಿಯುವುದಿಲ್ಲ, ಬೆಳಕು ಒಳಗೆ ಬರುವುದಿಲ್ಲ, ಬಿರಡೆಗಿಂತ ಬಿಗಿಯಾಗಿರುತ್ತದೆ, ಮುಂದಿನ ಸಲ ಬರುವಾಗ ಮುಚ್ಚಳ ಒತ್ತುವ ಯಂತ್ರವನ್ನೇ ತರುತ್ತೇನೆ ಎನ್ನುತ್ತಾನೆ. ತರಿಸಿಕೊಳ್ಳಬಹುದೇ? ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಒಂದಿಷ್ಟು ಮಾರುವ ಯೋಚನೆಯೂ ಇದೆ.

ಉತ್ತರ: ಸದ್ಯಕ್ಕೆ ತರಿಸಬೇಡಿ. ನಿಮ್ಮ ಅಕ್ಕನ ಮಗ ಹೇಳಿದ ಮೂರು ಮಾತಿನಲ್ಲಿ ಯಾವುದೂ ಸುಳ್ಳಲ್ಲ. ಆದರೆ ಅವರು ತುಂಬುವ ಪಾನೀಯಕ್ಕೂ ನೀವು ತುಂಬುವ ಪಾನೀಯಕ್ಕೂ ಇರುವ ಒಂದು ದೊಡ್ಡ ಅಂತರ ಅವರ ಲಕ್ಷ್ಯಕ್ಕೆ ಬಂದಂತಿಲ್ಲ. ಅವರ ಬಿಯರು ಕ್ಯಾನಿಗೆ ಇಳಿಯುವ ಹೊತ್ತಿಗೆ ಹುದುಗಿ ಮುಗಿದಿರುತ್ತದೆ. ನಿಮ್ಮ ಶುಂಠಿ ಬಿಯರು ಬಾಟಲಿಗೆ ಇಳಿಯುವ ಹೊತ್ತಿಗೆ ಹುದುಗಲು ಆಗಷ್ಟೇ ಹದ ಹಿಡಿದಿರುತ್ತದೆ. ಬಾಟಲಿಗಳು ಒಡೆದದ್ದು ಗಾಜಿನ ತಪ್ಪಿನಿಂದಲ್ಲ, ಒಳಗೆ ಉಳಿದುಕೊಂಡಿದ್ದ ಸಕ್ಕರೆಯಿಂದ. ಆ ಸಕ್ಕರೆಯನ್ನು ಹಾಗೆಯೇ ಕ್ಯಾನಿಗೆ ಹಾಕಿದರೆ ತಾಪತ್ರಯ ಜಾಗ ಬದಲಿಸುತ್ತದೆಯೇ ಹೊರತು ತೀರುವುದಿಲ್ಲ.

ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಹುದುಗು ಬರಿಸುವ ಸೂಕ್ಷ್ಮಜೀವಿಯಾದ ಯೀಸ್ಟ್ ಒಂದು ಗ್ರಾಂ ಸಕ್ಕರೆಯನ್ನು ತಿಂದರೆ ಸುಮಾರು ಅರ್ಧ ಗ್ರಾಂ ಮದ್ಯಸಾರವೂ ಅರ್ಧ ಗ್ರಾಂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಅಂದರೆ ನಿಮ್ಮ 80 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಲೀಟರಿಗೆ ಹೆಚ್ಚುಕಡಿಮೆ 40 ಗ್ರಾಂ ಗ್ಯಾಸ್ ಬರುತ್ತದೆ. ಬಿಯರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 5 ಗ್ರಾಂ ಗ್ಯಾಸ್ ಇರುತ್ತದೆ, ಮೂಗಿಗೆ ಚುರ್ರೆನ್ನುವ ಕೋಲಾದಲ್ಲಿ 7ರಿಂದ 8 ಗ್ರಾಂ. ಭರಣಿಯಲ್ಲಿದ್ದ ಎರಡು ದಿನದಲ್ಲಿ ಹುಟ್ಟಿದ ಗ್ಯಾಸ್ ಬಟ್ಟೆ ಕಟ್ಟಿದ ಬಾಯಿಂದ ಹೊರಗೆ ಹೋಯಿತು, ಸರಿ. ಆದರೆ ಎರಡು ದಿನಕ್ಕೆ ಹುದುಗುವುದು ಸಕ್ಕರೆಯ ಒಂದು ಪಾಲು ಮಾತ್ರ. ಮಿಕ್ಕದ್ದೆಲ್ಲ ಬಿರಡೆಯ ಒಳಗೆ ನಿಮ್ಮ ಅಟ್ಟದಲ್ಲಿ ಕೆಲಸ ಮುಂದುವರಿಸಿತು. ಬಿಯರಿನಷ್ಟು ನೊರೆ ಬರಲು ಬಿರಡೆ ಹಾಕಿದ ಮೇಲೆ ಲೀಟರಿಗೆ ಬರೀ 6ರಿಂದ 7 ಗ್ರಾಂ ಸಕ್ಕರೆ, ಅಂದರೆ ತಲೆ ತಟ್ಟಿದ ಒಂದೂವರೆ ಟೀ ಚಮಚ, ಹುದುಗಿದರೆ ಸಾಕು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನು ಸೆಕೆ. ಅದೇ ಬಾಟಲಿ, ಅದೇ ಗ್ಯಾಸ್. ಆದರೂ ಬಿಸಿ ಏರಿದಂತೆ ನೀರಿನಲ್ಲಿ ಕರಗಿದ್ದ ಗ್ಯಾಸ್ ಮೇಲೆದ್ದು ಬಿರಡೆಯನ್ನು ಒತ್ತುತ್ತದೆ. ಬಿಯರಿನಷ್ಟು ಗ್ಯಾಸಿರುವ ಬಾಟಲಿಯ ಒಳಗೆ ಫ್ರಿಜ್ಜಿನ 4 ಡಿಗ್ರಿಯಲ್ಲಿ ಇರುವ ಒತ್ತಡ ಸುಮಾರು 0.7 ಬಾರ್. ಅದೇ ಬಾಟಲಿ 30 ಡಿಗ್ರಿಯಲ್ಲಿದ್ದರೆ 2.8 ಬಾರ್, ಅಂದರೆ 40 ಪಿಎಸ್‌ಐ; ನಿಮ್ಮ ಕಾರಿನ ಟೈರಿಗೆ ಪಂಪಿನಲ್ಲಿ ಹಾಕಿಸುವುದಕ್ಕಿಂತ ಹೆಚ್ಚು. ಹಂಚಿನ ಮಾಡಿನ ಕೆಳಗಿನ ಅಟ್ಟ ಮೇ ತಿಂಗಳಿನ ಮಧ್ಯಾಹ್ನ 30 ಡಿಗ್ರಿಗೆ ನಿಲ್ಲುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇದರ ಜೊತೆಗೆ ಸೆಕೆಯಲ್ಲಿ ಯೀಸ್ಟಿನ ಹಸಿವೂ ಹೆಚ್ಚುತ್ತದೆ. ಒತ್ತಡ ಏರಿಸುವ ಎರಡು ಕಾರಣಗಳು ಒಂದೇ ಸಲಕ್ಕೆ ಕೂಡಿಬಂದ ಜಾಗದಲ್ಲಿ ನೀವು ಬಾಟಲಿಗಳನ್ನು ಇಟ್ಟಿದ್ದಿರಿ.

ಈಗ ಕ್ಯಾನಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಅಂಗಡಿಯಲ್ಲಿ ಟಿನ್ ಎಂದು ಕೇಳಿ ಪಡೆಯುವ ಅಲ್ಯೂಮಿನಿಯಮ್ ಕ್ಯಾನಿನ ಗೋಡೆ ಹೆಚ್ಚುಕಡಿಮೆ 0.1 ಮಿಲಿಮೀಟರ್ ದಪ್ಪ. ಅದನ್ನು ಗಟ್ಟಿಯಾಗಿಸುವುದು ಲೋಹವಲ್ಲ, ಒಳಗಿನ ಒತ್ತಡ. ಅದರ ತಳ ಒಳಮುಖವಾಗಿ ಬಾಗಿರುವುದನ್ನು ನೀವು ನೋಡಿರುತ್ತೀರಿ; ಒತ್ತಡ 90 ಪಿಎಸ್‌ಐ, ಅಂದರೆ 6 ಬಾರಿಗೆ ತುಸು ಮೇಲೆ, ಬರುವವರೆಗೆ ತಡೆದು, ಅಲ್ಲಿಂದಾಚೆಗೆ ಆ ತಳ ಹೊರಕ್ಕೆ ಉಬ್ಬಬಹುದು ಎಂಬ ಅಂದಾಜಿನಲ್ಲಿ ಬಿಯರ್ ಕ್ಯಾನುಗಳನ್ನು ತಯಾರಿಸುತ್ತಾರೆ. ನಿಮ್ಮ ಪಾನೀಯ 30 ಡಿಗ್ರಿಯಲ್ಲಿ ಆ ಗಡಿಯನ್ನು ಮುಟ್ಟಲು ಮುಚ್ಚಳ ಹಾಕಿದ ಮೇಲೆ ಲೀಟರಿಗೆ ಸುಮಾರು 16 ಗ್ರಾಂ ಸಕ್ಕರೆ ಹುದುಗಿದರೆ ಸಾಕು. ನೀವು ಹಾಕುವ ಸಕ್ಕರೆಯಲ್ಲಿ ಅದು ಐದನೆಯ ಒಂದು ಪಾಲು. ಉಳಿದದ್ದು ಏನು ಮಾಡುತ್ತದೆಂದು ಊಹಿಸಿಕೊಳ್ಳಿ. ಗಾಜಿನಂತೆ ಚೂರುಗಳನ್ನು ಎಸೆಯುವುದಿಲ್ಲ ಎಂಬ ಮಾತು ನಿಜವೇ. ಆದರೆ ತಳ ಉಬ್ಬಿ, ಮುಚ್ಚಳ ಬಿರಿದು, ಅಕ್ಕಪಕ್ಕದ ಕ್ಯಾನುಗಳ ಮೇಲೆಲ್ಲ ಸಕ್ಕರೆನೀರು ಸುರಿದು, ಮರುದಿನ ಇರುವೆಗಳ ಮೆರವಣಿಗೆ ಅಟ್ಟ ಹತ್ತುತ್ತದೆ.

ನನ್ನ ಮುಖ್ಯ ಆಕ್ಷೇಪ ಇದೂ ಅಲ್ಲ. ಬಾಟಲಿಯನ್ನು ಮಾತಾಡಿಸಬಹುದು, ಕ್ಯಾನನ್ನು ಮಾತಾಡಿಸಲಾಗುವುದಿಲ್ಲ. ತಿರುಗುವ ಮುಚ್ಚಳವನ್ನೋ ತಂತಿಯ ಕೊಕ್ಕೆಯಿರುವ ಬಿರಡೆಯನ್ನೋ ಸ್ವಲ್ಪ ಸಡಿಲಿಸಿ ಒಳಗೆ ಏನು ನಡೆದಿದೆಯೆಂದು ಕೇಳಬಹುದು, ಹೆಚ್ಚಾದದ್ದನ್ನು ಹೊರಬಿಟ್ಟು ಮತ್ತೆ ಮುಚ್ಚಬಹುದು. ಒಮ್ಮೆ ಒತ್ತಿದ ಕ್ಯಾನನ್ನು ತೆರೆದರೆ ಕುಡಿದು ಮುಗಿಸಬೇಕು. ಹುದುಗುವುದು ಮುಗಿದ ಪಾನೀಯಕ್ಕೆ ಇದು ಗುಣ, ಮುಗಿಯದ ಪಾನೀಯಕ್ಕೆ ದೋಷ.

ನಿಮ್ಮ ಅಕ್ಕನ ಮಗ ಏನು ಮಾಡುತ್ತಾರೆಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಯಂತ್ರವೊಂದನ್ನು ತಂದರೆ ಅದರ ಹಿಂದಿನ ಸಂಸಾರವನ್ನೆಲ್ಲ ತರಬೇಕಾಗುತ್ತದೆ. ಅವರ ಬಿಯರು ವಾರಗಟ್ಟಲೆ ಹುದುಗಿ ನಿಲ್ಲುತ್ತದೆ. ಸಾಂದ್ರತೆ ಅಳೆಯುವ ಕಡ್ಡಿಯನ್ನು ತೇಲಿಸಿ, ಹಲವು ದಿನ ಒಂದೇ ಅಳತೆ ಬಂದ ಮೇಲೆ ಸಕ್ಕರೆ ಮುಗಿಯಿತೆಂದು ತಿಳಿಯುತ್ತಾರೆ. ಆಮೇಲೆ ಉಕ್ಕಿನ ಪೀಪಾಯಿಗೆ ವರ್ಗಾಯಿಸಿ, ಹಿಮದ ಹತ್ತಿರಕ್ಕೆ ತಂಪು ಮಾಡಿ, ಸಿಲಿಂಡರಿನಿಂದ ಗ್ಯಾಸ್ ಹಾಯಿಸುತ್ತಾರೆ. ಖಾಲಿ ಕ್ಯಾನಿನೊಳಗಿನ ಗಾಳಿಯನ್ನು ಅದೇ ಗ್ಯಾಸಿನಿಂದ ಹೊರದಬ್ಬಿ, ಕೊಳವೆಯನ್ನು ತಳಕ್ಕೆ ಮುಟ್ಟಿಸಿ ಕೆಳಗಿನಿಂದ ಮೇಲಕ್ಕೆ ತುಂಬಿ, ಉಕ್ಕಿದ ನೊರೆಯ ಮೇಲೆಯೇ ಮುಚ್ಚಳ ಇಟ್ಟು ತಡಮಾಡದೆ ಯಂತ್ರಕ್ಕೆ ಕೊಡುತ್ತಾರೆ. ಒಳಗೆ ಗಾಳಿ ಉಳಿದರೆ ಅದರ ಆಮ್ಲಜನಕ ಬಿಯರಿನ ರುಚಿಯನ್ನು ಒದ್ದೆ ರಟ್ಟಿನಂತೆ ಮಾಡಿಬಿಡುತ್ತದೆ ಎಂಬುದಕ್ಕೆ ಇಷ್ಟೆಲ್ಲ.

ಯಂತ್ರದ ಕೆಲಸ ನೋಡಲು ಚೆಂದ. ತಗಡಿನ ಕೆಲಸದವರು ಬಿಂದಿಗೆಯ ತಳ ಕೂಡಿಸುವಾಗ ಎರಡು ತಗಡುಗಳ ಅಂಚನ್ನು ಒಂದರೊಳಗೊಂದು ಮಡಚಿ ಬಡಿಯುತ್ತಾರಲ್ಲ, ಇದೂ ಅದೇ ವಿದ್ಯೆ. ಕ್ಯಾನ್ ಗರಗರನೆ ತಿರುಗುತ್ತಿರುವಾಗ ಮೊದಲ ಉರುಳೆ ಮುಚ್ಚಳದ ಸುರುಳಿಯಂಚನ್ನು ಕ್ಯಾನಿನ ಬಾಯಂಚಿನ ಕೆಳಕ್ಕೆ ತೂರಿಸುತ್ತದೆ, ಎರಡನೆಯ ಉರುಳೆ ಆ ಮಡಿಕೆಯನ್ನು ಒತ್ತಿ ಚಪ್ಪಟೆ ಮಾಡುತ್ತದೆ. ಮುಚ್ಚಳದ ಅಂಚಿಗೆ ಮೊದಲೇ ಬಳಿದಿರುವ ರಬ್ಬರಿನಂಥ ಅಂಟು ಮಡಿಕೆಯ ನಡುವಿನ ಸಂದನ್ನು ತುಂಬುತ್ತದೆ. ಉರುಳೆ ಕೂದಲೆಳೆಯಷ್ಟು ಆಚೀಚೆ ಕೂತರೂ ಮಡಿಕೆ ಸಡಿಲವಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ತಿಳಿದವರು ಪ್ರತಿ ಸಲವೂ ಒಂದೆರಡು ಕ್ಯಾನಿನ ಮಡಿಕೆಯನ್ನು ಕತ್ತರಿಸಿ ಅಳತೆ ತೆಗೆದು ನೋಡುತ್ತಾರೆ. ಮುಚ್ಚಳವೂ ಕ್ಯಾನೂ ಒಂದೇ ಅಳತೆಯವಾಗಿದ್ದರೆ ಸಾಲದು, ಅಂಚಿನ ಆಕಾರವೂ ಯಂತ್ರಕ್ಕೆ ಹೊಂದಬೇಕು. ನಿಂಬೆ ಬಿದ್ದ ಪಾನೀಯದ ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನದಿರಲೆಂದು ಕ್ಯಾನಿನ ಒಳಗೆ ತೆಳುವಾದ ಲೇಪವಿರುತ್ತದೆ. ಅದು ಗೀಚಿಹೋಗದಂತೆ ನೋಡಿಕೊಳ್ಳಬೇಕು. ಇಷ್ಟಾಗಿ ಒಂದು ಕ್ಯಾನ್ ಒಂದೇ ಸಲಕ್ಕೆ. ಗಾಜಿನ ಬಾಟಲಿಯನ್ನಾದರೆ ತೊಳೆದು ವರ್ಷಗಟ್ಟಲೆ ಬಳಸಬಹುದು.

ಬೆಳಕಿನ ಮಾತಿಗೂ ಉತ್ತರ ಹೇಳಬೇಕು. ಬಿಯರಿಗೆ ಬೆಳಕು ಶತ್ರುವಾಗಿರುವುದು ಅದರಲ್ಲಿ ಹಾಪ್ಸ್ ಎಂಬ ಹೂವಿನ ಕಹಿ ಇರುವುದರಿಂದ. ಬಿಸಿಲು ಬಿದ್ದರೆ ಆ ಕಹಿ ಒಡೆದು ನಾರುವ ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಬಿಯರ್ ಬಾಟಲಿಗಳು ಕಂದು ಬಣ್ಣದವಾಗಿರುವುದು ಇದೇ ಕಾರಣಕ್ಕೆ. ನಿಮ್ಮ ಶುಂಠಿಯಲ್ಲಿ ಹಾಪ್ಸ್ ಇಲ್ಲ, ಆದ್ದರಿಂದ ಆ ಕೇಡೂ ಇಲ್ಲ. ನೆರಳಿನಲ್ಲಿಟ್ಟರೆ ಸಾಕು.

ಗಾಜಿನ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಒಂದು ಹಿನ್ನೆಲೆಯಿದೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಿಂದೆ ಗೋಲಿ ಸೋಡಾ ತುಂಬುವ ಒಂದು ಕೋಣೆಯಿತ್ತು. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ, ಬಿರಡೆಯ ಹಂಗೇ ಇಲ್ಲ. ಸೋಡಾ ತುಂಬುವಾತ ಎಡಗೈಗೆ ಗೋಣಿತಾಟು ಸುತ್ತಿಕೊಂಡು, ಬಾಟಲಿಯನ್ನು ಕಬ್ಬಿಣದ ಗೂಡಿನೊಳಗೆ ಸಿಕ್ಕಿಸಿ, ಬಾಗಿಲು ಹಾಕಿದ ಮೇಲಷ್ಟೇ ಹಿಡಿಕೆ ತಿರುಗಿಸುತ್ತಿದ್ದ. ಒಂದು ದಿನ ಗೂಡಿನ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಸದ್ದು ಕೇಳಿ ಓಡಿಹೋಗಿ ನೋಡಿದರೆ ಆತನಿಗೆ ಏನೂ ಆಗಿರಲಿಲ್ಲ, ಎದುರಿನ ಗಾರೆಯ ಗೋಡೆಯಲ್ಲಿ ಮಾತ್ರ ಹಸಿರು ಗಾಜಿನ ಚೂರೊಂದು ನೆಟ್ಟಿತ್ತು. ಅದನ್ನು ಯಾರೂ ಕೀಳಲಿಲ್ಲ. ಬಹಳ ವರ್ಷ ಅಲ್ಲಿಯೇ ಇತ್ತು.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ಶುಂಠಿಯ ಸಿಪ್ಪೆ, ನಾರು ಉಳಿಯದಂತೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ನಾರು ಉಳಿದರೆ ಗ್ಯಾಸ್ ಅದರ ಸುತ್ತ ಗುಳ್ಳೆಗಟ್ಟಿ, ತೆರೆದ ಕೂಡಲೇ ಅರ್ಧ ಬಾಟಲಿ ನೆಲಕ್ಕೆ ಉಕ್ಕುತ್ತದೆ. ಸೋಡಾ ಅಥವಾ ಬಿಯರ್ ಬಂದಿದ್ದ ದಪ್ಪ ಗಾಜಿನ ಬಾಟಲಿಗಳನ್ನಷ್ಟೇ ಬಳಸಿ. ಜೇನಿನ, ಸಾಸಿನ, ಷರಬತ್ತಿನ, ಬ್ರಾಂದಿಯ ಬಾಟಲಿಗಳು ಒತ್ತಡ ತಡೆಯಲೆಂದು ಮಾಡಿದವಲ್ಲ. ನಿಮ್ಮ ಅಟ್ಟದಲ್ಲಿ ಒಡೆದವು ಇಂಥವೇ ಇರಬೇಕೆಂಬುದು ನನ್ನ ಗುಮಾನಿ. ಬಾಯಿಯ ಬಳಿ ಎರಡೂವರೆ ಸೆಂಟಿಮೀಟರ್ ಜಾಗ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಸಲ ತುಂಬುವಾಗಲೂ ಕೋಲಾ ಬರುವ ಗಟ್ಟಿ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ ಅದೇ ಪಾನೀಯವನ್ನು ತುಂಬಿ ಗಾಜಿನ ಬಾಟಲಿಗಳ ಪಕ್ಕದಲ್ಲೇ ಇಡಿ. ಬೆಳಿಗ್ಗೆ ಸಂಜೆ ಅದನ್ನು ಒತ್ತಿ ನೋಡುತ್ತಿರಿ. ಮೊದಲು ಮೆತ್ತಗಿರುತ್ತದೆ, ಆಮೇಲೆ ಟೆನಿಸ್ ಚೆಂಡಿನಂತೆ ಪುಟಿಯುತ್ತದೆ, ಹೆಬ್ಬೆರಳು ಒಳಗಿಳಿಯದಷ್ಟು ಬಿಗಿಯಾದ ಹೊತ್ತಿಗೆ ಎಲ್ಲ ಬಾಟಲಿಗಳನ್ನೂ ಫ್ರಿಜ್ಜಿಗೆ ಸೇರಿಸಿ. ಬೇಸಿಗೆಯಲ್ಲಿ ಇದಕ್ಕೆ ಒಂದು ದಿನ ಸಾಕಾಗಬಹುದು, ಮಾಘದ ಚಳಿಯಲ್ಲಿ ಮೂರು ದಿನ ಹಿಡಿಯಬಹುದು. ದಿನ ಎಣಿಸಬೇಡಿ, ಬಾಟಲಿ ಒತ್ತಿ. ನಿಜ ಹೇಳಬೇಕೆಂದರೆ, ಎಲ್ಲವನ್ನೂ ಪ್ಲಾಸ್ಟಿಕ್ ಬಾಟಲಿಯಲ್ಲೇ ತುಂಬಿದರೂ ನನ್ನ ಆಕ್ಷೇಪವಿಲ್ಲ. ಪಂಕ್ತಿಯಲ್ಲಿ ಗಾಜಿನಷ್ಟು ಚೆಂದ ಕಾಣುವುದಿಲ್ಲ, ಅಷ್ಟೆ.

ಫ್ರಿಜ್ಜಿನ ತಂಪು ಯೀಸ್ಟನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ ಹೋಗುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ; ಆ ಮೂರು ದಿನದಲ್ಲಿ ಮಲಗಿದ್ದದ್ದು ಏಳುತ್ತದೆ. ಹಾಗಾದಾಗ ಬಾಟಲಿಗಳನ್ನು ಬಚ್ಚಲ ಮೂಲೆಗೆ ಒಯ್ದು, ಮೇಲೆ ದಪ್ಪ ಬಟ್ಟೆ ಹಾಕಿ, ಒಂದೊಂದಾಗಿ ಬಿರಡೆ ಸಡಿಲಿಸಿ. ಕ್ಯಾನಿನಲ್ಲಿ ತುಂಬಿದ್ದರೆ ನಿಮಗೆ ಆ ದಾರಿಯೇ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಒಂದು ವಾರಕ್ಕೆ ಕುಡಿದು ಮುಗಿಯುವಷ್ಟನ್ನೇ ಮಾಡುವುದು ಇನ್ನೂ ಒಳ್ಳೆಯದು.

ಜಾತ್ರೆಯಲ್ಲಿ ಮಾರುವ ವಿಚಾರಕ್ಕೆ ಬೇರೆಯದೇ ಉತ್ತರವಿದೆ. ಲೀಟರಿಗೆ 8 ಗ್ರಾಂ ಸಕ್ಕರೆ ಹುದುಗಿದರೆ ಮದ್ಯಸಾರ ಶೇ. 0.5ಕ್ಕೆ ಬರುತ್ತದೆ, ಮತ್ತು ದೇಶದ 2018ರ ಆಹಾರ ಸುರಕ್ಷತಾ ನಿಯಮಗಳು ಶೇ. 0.5 ಮೀರಿದ್ದನ್ನು ಮದ್ಯಯುಕ್ತ ಪಾನೀಯವೆಂದು ಪರಿಗಣಿಸುತ್ತವೆ. ಹುದುಗಿನಿಂದಲೇ ನೊರೆ ಬರಿಸಿದ ಯಾವ ಶುಂಠಿ ಬಿಯರಾದರೂ ಈ ಗೆರೆಯ ಮೇಲೆಯೇ ನಿಂತಿರುತ್ತದೆ. ಭರಣಿಯ ಎರಡು ದಿನವನ್ನೂ ಲೆಕ್ಕಕ್ಕೆ ಹಿಡಿದರೆ ದಾಟಿಯೇ ಇರುತ್ತದೆ. 80 ಗ್ರಾಮೂ ಹುದುಗಿದರೆ ಶೇ. 5, ಅಂಗಡಿಯ ಬಿಯರಿನಷ್ಟು. ಮಕ್ಕಳು ಮರಿ ಬರುವ ಜಾತ್ರೆಯಲ್ಲಿ ಇದನ್ನು ತಂಪು ಪಾನೀಯವೆಂದು ಮಾರುವುದು ಕಾನೂನಿಗೂ ಸರಿಯಲ್ಲ, ಮನಸ್ಸಿಗೂ ಸರಿಯಲ್ಲ. ಮಾರಲೇಬೇಕೆಂದಿದ್ದರೆ ಹುದುಗಿಸುವುದನ್ನೇ ಬಿಟ್ಟು, ಶುಂಠಿ-ನಿಂಬೆಯ ಪಾಕ ಕಾಯಿಸಿ, ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ಜಾತ್ರೆಯ ಹೊತ್ತಿನಲ್ಲಿ ಸೋಡಾ ಬೆರೆಸಿ ಲೋಟದಲ್ಲಿ ಕೊಡಿ. ಹಾಗೆ ಹುದುಗಿಲ್ಲದ, ಸಿಲಿಂಡರಿನ ಗ್ಯಾಸ್ ಹಾಯಿಸಿದ ಪಾನೀಯವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಕಾಲ ಬಂದರೆ ಅಕ್ಕನ ಮಗನಿಗೆ ಫೋನ್ ಮಾಡಬಹುದು. ಆಗ ಕ್ಯಾನಿನ ಮೇಲೆ ನನಗೆ ಯಾವ ತಕರಾರೂ ಇಲ್ಲ.

ಪ್ರಶ್ನೆ: ತುಂಬಿ ಬಿರಡೆ ಹಾಕಿದ ಶುಂಠಿ ಬಿಯರ್ ಬಾಟಲಿಗಳನ್ನು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಯೀಸ್ಟ್ ಸತ್ತು ಹೊರಗಡೆಯೇ ಬಹಳ ದಿನ ಉಳಿಯುತ್ತದಲ್ಲವೇ? ಅನಾನಸಿನ ಹೋಳುಗಳನ್ನು ಹಾಗೆಯೇ ಕಾಪಿಡುತ್ತೇವೆ. (ಸಾಗರದಿಂದ ಓದುಗರೊಬ್ಬರು)

ಉತ್ತರ: ದಯವಿಟ್ಟು ಮಾಡಬೇಡಿ. ಅನಾನಸಿನ ಬಾಟಲಿಯೊಳಗೆ ಗ್ಯಾಸ್ ಇರುವುದಿಲ್ಲ, ಇದರಲ್ಲಿ ಇರುತ್ತದೆ. ಬಿಯರಿನಷ್ಟು ಗ್ಯಾಸಿರುವ ಬಾಟಲಿ 60 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ 6 ಬಾರಿನ ಹತ್ತಿರಕ್ಕೆ ಹೋಗುತ್ತದೆ, ಮತ್ತು ಆ ಹೊತ್ತಿಗೆ ನೀವು ಹಂಡೆಯ ಮೇಲೆ ಬಾಗಿ ನೋಡುತ್ತಿರುತ್ತೀರಿ. ಕಾರ್ಖಾನೆಗಳಲ್ಲಿ ಬಿಯರನ್ನು ಹೀಗೆ ಬಿಸಿ ಮಾಡುವುದು ನಿಜ. ಅಲ್ಲಿ ಬಾಟಲಿಗಳೂ ಕ್ಯಾನುಗಳೂ ಮುಚ್ಚಿದ ಸುರಂಗದೊಳಗೆ ಸಾಗುತ್ತಾ, ಹಂತಹಂತವಾಗಿ ಬಿಸಿಯಾಗಿ, ಹಂತಹಂತವಾಗಿಯೇ ತಣಿಯುತ್ತವೆ. ಗ್ಯಾಸಿನ ಪ್ರಮಾಣವೂ ಅಳತೆಯ ಒಳಗಿರುತ್ತದೆ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಒಟ್ಟಿ ಮಾಡುವ ಬಿಸಿಗೆ ಅಂಥ ಹತೋಟಿ ಎಲ್ಲಿಂದ ಬರಬೇಕು? ಬಹಳ ದಿನ ಉಳಿಯಬೇಕೆಂದಿದ್ದರೆ ಶುಂಠಿಯನ್ನು ಪಾಕದ ರೂಪದಲ್ಲಿ ಉಳಿಸಿಕೊಳ್ಳಿ, ಬೇಕಾದಾಗ ಸ್ವಲ್ಪಸ್ವಲ್ಪವೇ ಹುದುಗಿಸಿ.

ಪ್ರಶ್ನೆ: ನನ್ನ ತಮ್ಮ ಲಂಡನ್ನಿನಲ್ಲಿ ಮನೆಯಲ್ಲೇ ಬಾರ್ಲಿಯ ಬಿಯರ್ ಮಾಡಿ ಬಾಟಲಿಗೆ ತುಂಬುತ್ತಾನೆ. ಶಿವಮೊಗ್ಗದ ನಮ್ಮ ಮನೆಯಲ್ಲಿ, ಮಾರಾಟಕ್ಕಲ್ಲದೆ ಮನೆಬಳಕೆಗೆ ಮಾತ್ರ, ನಾನೂ ಮಾಡಬಹುದೇ? (ಶಿವಮೊಗ್ಗದಿಂದ ಓದುಗರೊಬ್ಬರು)

ಉತ್ತರ: ಸಾಧ್ಯವಿಲ್ಲ. ಕರ್ನಾಟಕ ಅಬಕಾರಿ ಕಾಯಿದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಬಳಕೆಗೆಂದರೂ ಬಿಯರಿಗೆ ವಿನಾಯಿತಿಯಿಲ್ಲ. ಬೆಂಗಳೂರಿನಲ್ಲಿ ತಾವೇ ಬಿಯರ್ ತಯಾರಿಸಿ ಮಾರುವ ಹೋಟೆಲುಗಳು ಪರವಾನಗಿ ಪಡೆದವು. ನಿಮ್ಮ ತಮ್ಮನ ದೇಶದಲ್ಲಿ ಮನೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮವನ್ನು 1963ರಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅದು ಸಾಧ್ಯವಾಯಿತು, ಅದೂ ಮನೆಯೊಂದಕ್ಕೆ ವರ್ಷಕ್ಕೆ ಇಷ್ಟೇ ಗ್ಯಾಲನ್ ಎಂಬ ಮಿತಿಯೊಡನೆ. ಅವರು ಕ್ಯಾನೋ ಬಾಟಲಿಯೋ ಎಂದು ಚರ್ಚಿಸುವುದು ಆ ಅನುಮತಿಯ ಒಳಗೆ ಕುಳಿತು. ತಮ್ಮನ ಮನೆಗೆ ಹೋದಾಗ ಕಲಿತುಕೊಂಡು ಬನ್ನಿ, ಇಲ್ಲಿ ಮಾಡಬೇಡಿ.

ಪ್ರಶ್ನೆ: ಕ್ರೌನ್ ಬಿರಡೆ ಹಾಕಿದ ಶುಂಠಿ ಸೋಡಾ ಬಾಟಲಿಗಳಲ್ಲಿ ಮಳೆಗಾಲದ ಎರಡನೆಯ ವಾರಕ್ಕೇ ಬಿರಡೆಯ ಅಂಚು ತುಕ್ಕು ಹಿಡಿಯುತ್ತದೆ, ಕೆಲವದರಲ್ಲಿ ಗ್ಯಾಸೂ ಹೋಗಿರುತ್ತದೆ. ಏನು ಮಾಡುವುದು? (ಆಗುಂಬೆ ಸಮೀಪದಿಂದ)

ಉತ್ತರ: ಕ್ರೌನ್ ಬಿರಡೆ ತವರ ಬಳಿದ ಇಲ್ಲವೇ ಕ್ರೋಮಿಯಮ್ ಲೇಪಿಸಿದ ಉಕ್ಕಿನ ತಗಡು, 1892ರಲ್ಲಿ ಅಮೆರಿಕದ ವಿಲಿಯಮ್ ಪೇಂಟರ್ ಅದಕ್ಕೆ ಪೇಟೆಂಟ್ ಪಡೆದಾಗ ಆಗುಂಬೆಯ ಮಳೆಯನ್ನು ನೆನಪಿಗೆ ತಂದುಕೊಂಡಿರಲಾರ. ಒತ್ತುವಾಗ ಅಂಚಿನ ಮಡಿಕೆಗಳಲ್ಲಿ ಲೇಪ ಬಿರುಕು ಬಿಡುತ್ತದೆ, ತುಂಬುವಾಗ ಹೊರಗೆ ಚೆಲ್ಲಿದ ಸಕ್ಕರೆನೀರು ಆ ಸಂದಿನಲ್ಲಿ ಉಳಿದು ತೇವವನ್ನು ಎಳೆಯುತ್ತದೆ, ಅಲ್ಲಿಂದ ತುಕ್ಕು ಶುರುವಾಗುತ್ತದೆ. ಬಿರಡೆ ಹಾಕಿದ ಕೂಡಲೇ ಬಾಟಲಿಯ ಕತ್ತನ್ನು ನೀರಿನಲ್ಲಿ ಅದ್ದಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಬಿರಡೆಯ ಅಂಚಿಗೆ ಬೆರಳಿನಿಂದ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ರಟ್ಟಿನ ಪೆಟ್ಟಿಗೆಯಲ್ಲಿ ಇಡಬೇಡಿ. ಅದು ತೇವ ಹೀರಿ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕ್ರೇಟು ವಾಸಿ. ಗ್ಯಾಸ್ ಹೋಗುವುದಕ್ಕೆ ತುಕ್ಕಿಗಿಂತಲೂ ಒಮ್ಮೆ ತೆಗೆದ ಬಿರಡೆಯನ್ನು ತಟ್ಟಿ ಮತ್ತೆ ಹಾಕುವುದೇ ಹೆಚ್ಚಾಗಿ ಕಾರಣವಾಗಿರುತ್ತದೆ. ಬಾಟಲಿಯ ಬಾಯಿಯ ಸುತ್ತ ಬೆರಳಾಡಿಸಿ, ಚಕ್ಕೆ ಎದ್ದಿರುವುದು ತಾಗಿದರೆ ಆ ಬಾಟಲಿಯನ್ನು ಸೀಮೆಎಣ್ಣೆಗೆ ಇಟ್ಟುಕೊಳ್ಳಿ.